ದಿನಕ್ಕೆ ಹತ್ತು ನಿಮಿಷ, ಒಂದು ಮರ, ಒಂದು ಚಿತ್ರ

ಯಾವುದೇ ಶಾಲೆಯ ಐದನೇ ತರಗತಿಗೆ ಹೋಗಿ 'ಒಂದು ಮರದ ಚಿತ್ರ ಬರೆಯಿರಿ' ಎಂದು ಹೇಳಿ ನೋಡಿ. ಹೆಚ್ಚಿನ ಹಾಳೆಗಳಲ್ಲಿ ಮೂಡುವುದು ಒಂದೇ ಮರ. ನೆಟ್ಟಗಿನ ಎರಡು ಗೆರೆಗಳ ಕಂದು ಕಾಂಡ, ಅದರ ಮೇಲೆ ಮೋಡದಂತಹ ಹಸಿರು ಗುಡ್ಡೆ, ಗುಡ್ಡೆಯಲ್ಲಿ ಅಲ್ಲಲ್ಲಿ ಕೆಂಪು ಹಣ್ಣುಗಳು. ಹಿಂದೆ ಎರಡು ತ್ರಿಕೋನದ ಬೆಟ್ಟ, ಅವುಗಳ ನಡುವೆ ಹುಟ್ಟುವ ಸೂರ್ಯ, ಕೆಳಗೆ ಹರಿಯುವ ನದಿ. ಬಯಲುಸೀಮೆಯ ಮಗುವೂ ಇದನ್ನೇ ಬರೆಯುತ್ತದೆ, ಮಲೆನಾಡಿನ ಮಗುವೂ ಇದನ್ನೇ ಬರೆಯುತ್ತದೆ. ಕಿಟಕಿಯಾಚೆ ಬೇವೋ ಹೊಂಗೆಯೋ ನಿಂತಿರುತ್ತದೆ. ಅದರತ್ತ ತಿರುಗಿ ನೋಡುವ ಮಕ್ಕಳು ಕಡಿಮೆ.

ಇದಕ್ಕೆ ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಈ ಮರ ಅವರು ನೋಡಿ ಬರೆದದ್ದಲ್ಲ. ಕಪ್ಪುಹಲಗೆಯಿಂದಲೋ, ಚಾರ್ಟಿನಿಂದಲೋ, ಅಣ್ಣ-ಅಕ್ಕಂದಿರ ಪುಸ್ತಕದಿಂದಲೋ ಇಳಿಸಿಕೊಂಡದ್ದು. ಶಾಲೆಯಲ್ಲಿ ಚಿತ್ರ ಬರೆಯುವುದೆಂದರೆ ಇನ್ನೊಂದು ಚಿತ್ರವನ್ನು ನೋಡಿ ಬರೆಯುವುದು ಎಂಬ ರೂಢಿ ಬೆಳೆದುಬಿಟ್ಟಿದೆ. ಶಾಲೆಯಿಂದ ಶಾಲೆಗೆ ಓಡಾಡುವ ನನ್ನಂಥವರಿಗೆ ಇದು ಎದ್ದು ಕಾಣುತ್ತದೆ. ಗೋಡೆಯ ಮೇಲೆ 'ಸಸ್ಯದ ಭಾಗಗಳು' ಎಂಬ ಅಂದವಾದ ಚಾರ್ಟು ಇರುತ್ತದೆ, ಅಂಗಳದಲ್ಲಿ ಜೀವಂತ ಮರ ಇರುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ಪಾಠ ಮುಗಿದುಹೋಗುತ್ತದೆ.

ಖರ್ಚಿಲ್ಲದ ಪರಿಹಾರವೊಂದಿದೆ ಎಂಬುದು ನನ್ನ ಅಭಿಪ್ರಾಯ. ಪ್ರತಿದಿನ ಹತ್ತು ನಿಮಿಷ ಮಕ್ಕಳನ್ನು ಹೊರಗೆ ಕರೆದೊಯ್ದು, ಮರದ ಎದುರು ಕೂರಿಸಿ, ಕಂಡದ್ದನ್ನು ಬರೆಸಬೇಕು. ಇದನ್ನು ಚಿತ್ರಕಲೆಯ ಅವಧಿಗೆ ತಳ್ಳದೆ ಪರಿಸರ ಅಧ್ಯಯನ ಮತ್ತು ವಿಜ್ಞಾನದ ದಿನನಿತ್ಯದ ಕೆಲಸವಾಗಿ ಮಾಡಬೇಕು. ಮಕ್ಕಳೆಲ್ಲ ಕಲಾವಿದರಾಗಲಿ ಎಂದಲ್ಲ. ಇನ್ನೊಬ್ಬರು ಹೇಳಿದ ಮರಕ್ಕಿಂತ ತನ್ನ ಕಣ್ಣು ಕಂಡ ಮರವನ್ನು ನಂಬುವ ಧೈರ್ಯ ಮಗುವಿಗೆ ಬರಲಿ ಎಂದು. ವಿಜ್ಞಾನದ ಕಲಿಕೆ ಆರಂಭವಾಗುವುದೇ ಈ ಧೈರ್ಯದಿಂದ.

ಬರೆಯಲು ಹೊರಟಾಗಲೇ ಕಾಣುವುದು

ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಪ್ರಬಂಧ ಬರೆಯಲು ವಿಷಯ ಗೊತ್ತಿರಬೇಕು. ಚಿತ್ರ ಬರೆಯಲೂ ಹಾಗೆಯೇ. ದಿನವೂ ಬೇವಿನ ಮರದ ಕೆಳಗೆ ಆಡುವ ಮಗುವನ್ನು 'ಬೇವಿನ ಎಲೆಯ ಅಂಚು ನುಣುಪಾಗಿದೆಯೋ, ಗರಗಸದ ಹಾಗಿದೆಯೋ?' ಎಂದು ಕೇಳಿ. ಉತ್ತರಕ್ಕೆ ತಡವರಿಸುತ್ತದೆ. ಅದೇ ಮಗು ಎಲೆಯನ್ನು ಎದುರಿಗಿಟ್ಟುಕೊಂಡು ಬರೆಯಲು ಕೂತಿತೆನ್ನಿ. ಅಂಚಿನ ಗೆರೆ ಎಳೆಯುವಾಗ ಪೆನ್ಸಿಲ್ ನಿಲ್ಲುತ್ತದೆ, ಕಣ್ಣು ಮತ್ತೆ ಎಲೆಯತ್ತ ಹೋಗುತ್ತದೆ. ಅಂಚಿನಲ್ಲಿ ಹಲ್ಲುಗಳಿವೆ. ನಡುನರದ ಎರಡು ಬದಿಗಳೂ ಸಮನಾಗಿಲ್ಲ. ಒಂದು ಅಗಲ, ಇನ್ನೊಂದು ಕಿರಿದು. ಇದನ್ನು ಯಾರೂ ಹೇಳಿಕೊಡಲಿಲ್ಲ. ಪೆನ್ಸಿಲ್ ನಿಂತ ಆ ಕ್ಷಣದಲ್ಲಿ ಪ್ರಶ್ನೆ ಹುಟ್ಟಿತು, ಉತ್ತರ ಎದುರಿಗೇ ಇತ್ತು.

ಹೊಂಗೆಯ ಎಲೆಯನ್ನು ಬರೆಯುವ ಮಗುವಿಗೆ ತುದಿಯಲ್ಲಿ ಒಂಟಿ ಕಿರುಎಲೆ ಸಿಗುತ್ತದೆ. ಹುಣಸೆಯ ಎಲೆ ಬರೆಯುವ ಮಗುವಿಗೆ ತುದಿಯವರೆಗೂ ಜೋಡಿಗಳೇ ಸಿಗುತ್ತವೆ. ನೇರಳೆಯಲ್ಲಿ ಎಲೆಗಳು ಎದುರುಬದುರಾಗಿ ಕೂತಿವೆ. ಮಾವಿನಲ್ಲಿ ರೆಂಬೆಯ ತುದಿಗೆ ಗುಂಪುಗೂಡಿವೆ. ಬೇವು ಕವಲೊಡೆಯುತ್ತ ಹೋಗುತ್ತದೆ, ತೆಂಗು ಕವಲೊಡೆಯದೆ ನೇರ ಹೋಗುತ್ತದೆ. 'ಸಂಯುಕ್ತ ಪರ್ಣ', 'ಅಭಿಮುಖ ಜೋಡಣೆ' ಮುಂತಾದ ಪದಗಳು ಮುಂದಿನ ತರಗತಿಗಳಲ್ಲಿ ಬಂದಾಗ ಈ ಮಕ್ಕಳು ಅವನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ. ಪದ ಬರುವ ಮೊದಲೇ ವಸ್ತುವಿನ ಪರಿಚಯವಾಗಿರುತ್ತದೆ.

ಶಿಕ್ಷಣ ಸಂಶೋಧಕರೂ ಇದೇ ಮಾತನ್ನು ಹೇಳಿದ್ದಾರೆ. ಓದು, ಬರಹ, ಮಾತುಕತೆಗಳ ಜೊತೆಗೆ ಚಿತ್ರ ಬರೆಯುವುದನ್ನೂ ವಿಜ್ಞಾನ ಕಲಿಕೆಯ ಮುಖ್ಯ ಅಂಗವೆಂದು ಒಪ್ಪಬೇಕು ಎಂದು 2011ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನವೊಂದರಲ್ಲಿ ಮೂವರು ಸಂಶೋಧಕರು ವಾದಿಸಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೊಟ್ಟ ಪದಗಳನ್ನು ಬರೆದುಕೊಂಡಾಗಿಗಿಂತ ಆ ವಸ್ತುಗಳ ಚಿತ್ರ ಬರೆದಾಗ ಅವು ಹೆಚ್ಚು ನೆನಪಿನಲ್ಲಿ ಉಳಿದವು. ಚಿತ್ರ ಅಂದವಾಗಿದೆಯೇ ಇಲ್ಲವೇ ಎಂಬುದರಿಂದ ಫಲಿತಾಂಶ ಬದಲಾಗಲಿಲ್ಲ. ಆ ಪ್ರಯೋಗಗಳು ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಆದರೂ ಈ ಕೊನೆಯ ಅಂಶ ನಮಗೆ ಮುಖ್ಯ. 'ನನಗೆ ಚಿತ್ರ ಬರಲ್ಲ ಸಾರ್' ಎನ್ನುವ ಮಗುವಿಗೂ ಇದರಿಂದ ಲಾಭವಿದೆ ಎಂದಾಯಿತು.

ಶಿವಮೊಗ್ಗದ ಕಾಲು ಗಂಟೆ

ದಿನಕ್ಕೊಂದು ಗಿಡ ಎಂಬ ಅಭ್ಯಾಸಕ್ಕೆ ನಮ್ಮ ನಾಡಿನಲ್ಲೇ ಹಳೆಯ ಉದಾಹರಣೆಯಿದೆ. 1840ರ ದಶಕದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ಯುವ ವೈದ್ಯರು ಶಿವಮೊಗ್ಗದಲ್ಲಿ ಕೆಲಸ ಮಾಡುತ್ತಿದ್ದರು. ದಿನಕ್ಕೊಂದು ಗಿಡವನ್ನು ಕಾಲು ಗಂಟೆ ಅಭ್ಯಾಸ ಮಾಡಬೇಕೆಂಬುದು ಸಸ್ಯವಿಜ್ಞಾನಿ ವಿಲಿಯಂ ಹೂಕರ್ ಅವರ ಸಲಹೆಯಾಗಿತ್ತು. ಕ್ಲೆಗ್‌ಹಾರ್ನ್ ಅದನ್ನು ಪಾಲಿಸಿದರು. ಮರಾಠಿ ಚಿತ್ರಕಾರರೊಬ್ಬರನ್ನು ನೇಮಿಸಿಕೊಂಡು ಸುತ್ತಮುತ್ತಲ ಗಿಡಗಳ ಚಿತ್ರಗಳನ್ನು ಬರೆಸಿದರು. ಆ ಚಿತ್ರಗಳು ಇಂದಿಗೂ ಎಡಿನ್‌ಬರೊದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಇವೆ. ಇದೇ ಕ್ಲೆಗ್‌ಹಾರ್ನ್ 1851ರಲ್ಲಿ ಉಷ್ಣವಲಯದ ಕಾಡುಗಳ ನಾಶದ ಪರಿಣಾಮಗಳ ಬಗ್ಗೆ ಬ್ರಿಟನ್ನಿನ ವಿಜ್ಞಾನಿಗಳ ಸಭೆಯ ಮುಂದೆ ವರದಿ ಮಂಡಿಸಿದರು, 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದರು. ಕಂಪನಿ ಸರ್ಕಾರಕ್ಕೆ ಮರಮಟ್ಟು ಬೇಕಾಗಿತ್ತು ಎಂಬುದೂ ನಿಜ. ಆದರೆ ದಿನವೂ ಗಿಡಗಳನ್ನು ಹತ್ತಿರದಿಂದ ನೋಡಿದ ಕಣ್ಣು ಕಾಡು ಕರಗುವುದನ್ನೂ ಬೇಗ ಗುರುತಿಸಿತು ಎನ್ನಬಹುದು.

ಈ ಕಥೆಯಲ್ಲಿ ಬೇಸರದ ಸಂಗತಿಯೊಂದಿದೆ. ಚಿತ್ರಗಳನ್ನು ಬರೆದ ಆ ಶಿವಮೊಗ್ಗದ ಕಲಾವಿದರ ಹೆಸರು ಉಳಿದಿಲ್ಲ. ಆದ್ದರಿಂದ ನಮ್ಮ ಮಕ್ಕಳು ಬರೆಯುವ ಪ್ರತಿ ಚಿತ್ರದ ಕೆಳಗೂ ಹೆಸರು, ದಿನಾಂಕ, ಜಾಗ ಇರಬೇಕು ಎಂದು ನಾನು ಒತ್ತಾಯಿಸುತ್ತೇನೆ. ದಿನಾಂಕವಿದ್ದರೆ ಆ ಚಿತ್ರ ದಾಖಲೆಯಾಗುತ್ತದೆ.

ಕಲಾವಿದರ ಕಡೆಯಿಂದ ಒಂದು ಉದಾಹರಣೆ ಕೊಡುವುದಾದರೆ ರುಮಾಲೆ ಚೆನ್ನಬಸವಯ್ಯನವರನ್ನು (1910–1988) ನೆನೆಯಬೇಕು. ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಈ ಸ್ವಾತಂತ್ರ್ಯ ಹೋರಾಟಗಾರರು ನಂತರ ಬಣ್ಣದ ಪೆಟ್ಟಿಗೆ ಹಿಡಿದು ಬೆಂಗಳೂರಿನ ರಸ್ತೆಬದಿಗಳಲ್ಲಿ, ಉದ್ಯಾನಗಳಲ್ಲಿ ಹೂಬಿಟ್ಟ ಮರಗಳ ಎದುರು ನಿಂತು ಚಿತ್ರ ಬರೆದರು. ಗುಲ್‌ಮೊಹರ್, ಜಕರಂಡ ಮರಗಳು ಹೂವು ತುಂಬಿಕೊಂಡು ನಿಂತ ಆಗಿನ ಬೆಂಗಳೂರನ್ನು ಅವರ ಚಿತ್ರಗಳಲ್ಲಿ ಕಾಣಬಹುದು. ಕಲೆಗಾಗಿ ಬರೆದ ಚಿತ್ರಗಳು ಊರಿನ ಮರಗಳ ನೆನಪನ್ನೂ ಕಾಪಾಡಿವೆ.

ಒಂದು ದಿನ ಸಾಲದು, ದಿನವೂ ಏಕೆ?

'ವನಮಹೋತ್ಸವದ ದಿನ ಮಕ್ಕಳಿಂದ ಮರದ ಚಿತ್ರ ಬರೆಸುತ್ತೇವಲ್ಲ' ಎಂದು ಕೆಲವರು ಹೇಳಬಹುದು. ಒಂದು ದಿನದ ಚಿತ್ರ ಒಂದು ಚಿತ್ರ ಮಾತ್ರ. ಒಂದೇ ಮರದ ನೂರು ದಿನಗಳ ಚಿತ್ರಗಳು ಸೇರಿದರೆ ಅದು ಅಧ್ಯಯನ. ಪ್ರತಿ ಮಗುವಿಗೂ ಒಂದು ಮರ ಎಂದು ಗೊತ್ತುಮಾಡಿ. ಮರಗಳು ಕಡಿಮೆಯಿದ್ದರೆ ನಾಲ್ಕೈದು ಮಕ್ಕಳಿಗೆ ಒಂದು ಮರ. ವರ್ಷವಿಡೀ ಅದೇ ಮರ.

ಜೂನ್‌ನಲ್ಲಿ ಶುರುಮಾಡಿದ ಮಗು ಮಳೆಗಾಲದ ದಟ್ಟ ಹಸಿರನ್ನು ಬರೆಯುತ್ತದೆ. ಶಿವರಾತ್ರಿಯ ಹೊತ್ತಿಗೆ ಅದೇ ಮಗುವಿನ ಅರಳಿ ಎಲೆ ಉದುರಿಸತೊಡಗಿ, ಕೊಂಬೆಗಳ ಅಸ್ಥಿಪಂಜರ ಮೊದಲ ಸಲ ಕಣ್ಣಿಗೆ ಬೀಳುತ್ತದೆ. ಆಮೇಲೆ ತಾಮ್ರದ ಬಣ್ಣದ ಚಿಗುರು. ಯುಗಾದಿಯ ಸುಮಾರಿಗೆ ಬೇವಿನ ಹೂವು, ಹೊಂಗೆಯ ತಿಳಿಹಸಿರು ಎಲೆ. 'ವಸಂತ ಋತುವಿನಲ್ಲಿ ಮರಗಳು ಚಿಗುರುತ್ತವೆ' ಎಂಬ ವಾಕ್ಯವನ್ನು ಬಾಯಿಪಾಠ ಮಾಡಿದ ಮಗುವಿಗೂ, ತನ್ನ ಮರ ಯಾವ ವಾರ ಚಿಗುರಿತು ಎಂದು ಪುಸ್ತಕ ತೆರೆದು ತೋರಿಸುವ ಮಗುವಿಗೂ ಬಹಳ ವ್ಯತ್ಯಾಸವಿದೆ.

ದಿನವೂ ಬರೆಯುವಾಗ ಮರದ ಮೇಲಿನ ಇತರ ಜೀವಿಗಳೂ ಕಾಣತೊಡಗುತ್ತವೆ. ಹೊಂಗೆಯ ಎಲೆಯ ಮೇಲಿನ ಗಂಟುಗಳು, ಮಾವಿನ ಎಲೆಗಳನ್ನು ಹೆಣೆದು ಕಟ್ಟಿದ ಕೆಂಪಿರುವೆಯ ಗೂಡು, ತೊಗಟೆಯ ಮೇಲಿನ ಗೆದ್ದಲಿನ ಮಣ್ಣಿನ ಹಾದಿ ಇವೆಲ್ಲ ಚಿತ್ರದೊಳಗೆ ಬರುತ್ತವೆ. ಮಳೆಮರ ಹತ್ತಿರವಿದ್ದರೆ ಬೆಳಿಗ್ಗೆ ಒಂದು ಚಿತ್ರ, ಸಂಜೆ ಮನೆಗೆ ಹೋಗುವಾಗ ಒಂದು ಚಿತ್ರ ಬರೆಸಿ. ಬೆಳಕು ಇಳಿದಂತೆ ಅದರ ಕಿರುಎಲೆಗಳು ಮಡಚಿಕೊಳ್ಳುವುದನ್ನು ಮಕ್ಕಳೇ ಕಂಡುಹಿಡಿಯಲಿ.

ಚಿತ್ರದೊಳಗೆ ಗಣಿತವೂ ಇದೆ

ಮರದ ಚಿತ್ರದಲ್ಲಿ ಅಳತೆಯ ಪ್ರಶ್ನೆ ತಾನಾಗಿ ಬರುತ್ತದೆ. ಎತ್ತರ ಎಷ್ಟು, ಕಾಂಡ ಎಷ್ಟು ದಪ್ಪ? ಇಲ್ಲಿ ಚಿತ್ರಕಾರರ ಹಳೆಯ ಉಪಾಯ ನೆರವಾಗುತ್ತದೆ. ಒಬ್ಬ ಹುಡುಗಿಯನ್ನು ಮರದ ಬುಡದಲ್ಲಿ ನಿಲ್ಲಿಸಿ. ಇನ್ನೊಬ್ಬಳು ದೂರ ನಿಂತು, ಕೈಯನ್ನು ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಗೆಳತಿಯ ಎತ್ತರವನ್ನು ಹೆಬ್ಬೆರಳಿನಿಂದ ಗುರುತಿಸಲಿ. ಅಂಥ ಎಷ್ಟು ಅಳತೆ ಸೇರಿದರೆ ಮರದ ತುದಿ ಮುಟ್ಟುತ್ತದೆ ಎಂದು ಎಣಿಸಲಿ. ಗೆಳತಿ 1.2 ಮೀಟರ್ ಇದ್ದು, ಏಳು ಅಳತೆ ಬಂದರೆ ಮರ ಸುಮಾರು 8.4 ಮೀಟರ್. ಅನುಪಾತದ ಪಾಠ ಅಲ್ಲೇ ಆಯಿತು.

ಏಳನೇ ತರಗತಿಯವರಿಗೆ ಇನ್ನೊಂದು ಚಟುವಟಿಕೆ. ಸುಮಾರು 500 ವರ್ಷಗಳ ಹಿಂದೆ ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ಮರಗಳನ್ನು ಬರೆಯುತ್ತ ಬರೆಯುತ್ತ ಒಂದು ನಿಯಮವನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟ. ಮರದ ಯಾವ ಎತ್ತರದಲ್ಲಾದರೂ ಕೊಂಬೆಗಳನ್ನೆಲ್ಲ ಒಟ್ಟು ಸೇರಿಸಿದರೆ ಅವುಗಳ ದಪ್ಪ ಕೆಳಗಿನ ಕಾಂಡದ ದಪ್ಪಕ್ಕೆ ಸಮ ಎಂದು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಅಡ್ಡಕೊಯ್ತದ ವಿಸ್ತೀರ್ಣಗಳ ಮೊತ್ತ ಸಮ. ದಾರ ತೆಗೆದುಕೊಂಡು ಕವಲಿನ ಕೆಳಗೆ ಕಾಂಡದ ಸುತ್ತಳತೆ, ಮೇಲೆ ಎರಡು ಕೊಂಬೆಗಳ ಸುತ್ತಳತೆ ಅಳೆಯಿರಿ. ಕೊಂಬೆಗಳು 40 ಮತ್ತು 30 ಸೆಂ.ಮೀ. ಇದ್ದರೆ ಅವುಗಳ ವರ್ಗಗಳ ಮೊತ್ತ 1600 + 900 = 2500. ಆಗ ಕಾಂಡ 50 ಸೆಂ.ಮೀ. ಸುಮಾರಿಗೆ ಇರಬೇಕು. ಎಲ್ಲ ಮರಗಳಲ್ಲೂ ಇದು ಕರಾರುವಾಕ್ಕಾಗಿ ಹೊಂದುವುದಿಲ್ಲ. ಎಷ್ಟು ಹೊಂದುತ್ತದೆ ಎಂದು ನೋಡುವುದೇ ಪ್ರಯೋಗ. ಗಾಳಿಯ ಹೊಡೆತಕ್ಕೆ ಕೊಂಬೆ ಮುರಿಯದಂತೆ ಮರ ಬೆಳೆಯುವುದೇ ಇದಕ್ಕೆ ಕಾರಣವಿರಬಹುದು ಎಂದು 2011ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಕ್ರಿಸ್ಟೋಫ್ ಎಲ್ವಾ ಲೆಕ್ಕ ಹಾಕಿ ತೋರಿಸಿದರು. ಚಿತ್ರಕಾರನ ಕಣ್ಣು ಕಂಡದ್ದಕ್ಕೆ ಭೌತವಿಜ್ಞಾನ ಕಾರಣ ಹುಡುಕಿದ್ದು ಶತಮಾನಗಳ ನಂತರ.

ಕೆಲವು ಆಕ್ಷೇಪಣೆಗಳು

ಕ್ಲಸ್ಟರ್ ಸಭೆಗಳಲ್ಲಿ ಈ ವಿಷಯ ಎತ್ತಿದಾಗ ಶಿಕ್ಷಕ ಮಿತ್ರರು ನ್ಯಾಯವಾದ ಪ್ರಶ್ನೆಗಳನ್ನೇ ಕೇಳುತ್ತಾರೆ.

ಮೊದಲನೆಯದು ಸಮಯ. ಪಾಠಗಳೇ ಮುಗಿಯುವುದಿಲ್ಲ, ದಾಖಲೆ ತುಂಬುವ ಕೆಲಸ ಬೇರೆ. ಒಬ್ಬರೇ ಶಿಕ್ಷಕರಿರುವ ಶಾಲೆಗಳೂ ಇವೆ. ಒಪ್ಪುತ್ತೇನೆ. ಅದಕ್ಕಾಗಿಯೇ ಹತ್ತು ನಿಮಿಷ ಎನ್ನುತ್ತಿರುವುದು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹೇಗೂ ಅಂಗಳದಲ್ಲೇ ಇರುತ್ತಾರೆ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು ಮಾಡಬಹುದಾದ ಕೆಲಸವಾದ್ದರಿಂದ ಏಕೋಪಾಧ್ಯಾಯ ಶಾಲೆಗೂ ಇದು ಭಾರವಲ್ಲ. ಎಲೆ, ಬೇರು, ಋತು, ಅಳತೆ ಇವುಗಳ ಪಾಠ ಬಂದಾಗ ಈ ಹತ್ತು ನಿಮಿಷಗಳು ವಾಪಸು ಬರುತ್ತವೆ.

ಎರಡನೆಯದು, 'ನನಗೇ ಚಿತ್ರ ಬರುವುದಿಲ್ಲ, ಮಕ್ಕಳಿಗೆ ಏನು ಕಲಿಸಲಿ?' ಇಲ್ಲಿ ಚಿತ್ರ ಬಾರದ ಶಿಕ್ಷಕರಿಗೇ ಒಂದು ಅನುಕೂಲವಿದೆ. ಅವರು ಕಪ್ಪುಹಲಗೆಯ ಮೇಲೆ ಮಾದರಿ ಬರೆದು ತೋರಿಸುವುದಿಲ್ಲ. ಮಾದರಿ ಇಲ್ಲದಿದ್ದರೆ ಮಕ್ಕಳು ಮರವನ್ನೇ ನೋಡಬೇಕಾಗುತ್ತದೆ. ಶಿಕ್ಷಕರೂ ಪಕ್ಕದಲ್ಲಿ ಕೂತು ತಮ್ಮ ಹಾಳೆಯಲ್ಲಿ ಬರೆದರೆ ಸಾಕು.

ಮೂರನೆಯದು ಮೊಬೈಲಿನದು. 'ಒಂದು ಫೋಟೋ ತೆಗೆದರೆ ಎಲ್ಲ ವಿವರವೂ ಬರುತ್ತದಲ್ಲ?' ಬರುತ್ತದೆ, ಫೋಟೋದೊಳಗೆ ಬರುತ್ತದೆ. ತೆಗೆದವರ ತಲೆಯೊಳಗೆ ಬರುವುದು ಖಚಿತವಲ್ಲ. ಫೋಟೋ ತೆಗೆಯಲು ಎಲೆಗಳ ಜೋಡಣೆಯನ್ನು ಗಮನಿಸಬೇಕಾಗಿಲ್ಲ. ಚಿತ್ರ ಬರೆಯಲು ಗಮನಿಸಲೇಬೇಕು. ಫೋಟೋವನ್ನು ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಲು ಬಳಸಿ, ಚಿತ್ರದ ಬದಲಿಗೆ ಬಳಸಬೇಡಿ.

ನಾಲ್ಕನೆಯದು ಚಿತ್ರಕಲಾ ಶಿಕ್ಷಕರ ಆಕ್ಷೇಪಣೆ, ಮತ್ತು ಇದು ತೂಕದ್ದು. 'ವಿಜ್ಞಾನದವರು ಚಿತ್ರವನ್ನು ಭಾಗಗಳನ್ನು ಗುರುತಿಸುವ ನಕ್ಷೆ ಮಾಡಿಬಿಡುತ್ತಾರೆ, ಮಗುವಿನ ಖುಷಿ ಎಲ್ಲಿ ಉಳಿಯಿತು?' ಎಂದು ಅವರು ಕೇಳುತ್ತಾರೆ. ಆದ್ದರಿಂದ ಪ್ರತಿ ಚಿತ್ರಕ್ಕೂ ಬಾಣ ಎಳೆದು ಹೆಸರು ಬರೆಸುವುದು ಬೇಡ. ಒಂದು ದಿನ ಎಲೆ, ಒಂದು ದಿನ ತೊಗಟೆ, ಒಂದು ದಿನ ನೆರಳು ಮಾತ್ರ, ಇನ್ನೊಂದು ದಿನ ಗಾಳಿಗೆ ಮರ ಹೇಗೆ ತೂಗುತ್ತದೆ ಎಂಬುದು. ಶನಿವಾರ ಬಣ್ಣ, ತಮಗೆ ತೋಚಿದಂತೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಕಲಿಕೆಯೊಳಗೆ ತರಬೇಕೆಂದು ಹೇಳಿವೆ. ಕಲೆಯನ್ನು ವಿಜ್ಞಾನದ ಆಳಾಗಿ ದುಡಿಸಿ ಎಂದು ಹೇಳಿಲ್ಲ.

ಹೇಗೆ ಆರಂಭಿಸುವುದು?

ಬೇಕಾದ ಸಾಮಗ್ರಿ ಬಹಳ ಕಡಿಮೆ. ಒಂದು ಬದಿ ಖಾಲಿಯಿರುವ ಹಾಳೆಗಳನ್ನು ಹೊಲಿದು ಮಾಡಿದ ಪುಸ್ತಕ, ಕೆಳಗೆ ಒತ್ತಿಗೆ ಒಂದು ರಟ್ಟು, ಒಂದು ಪೆನ್ಸಿಲ್. ರಬ್ಬರ್ ತರಗತಿಯಲ್ಲೇ ಇರಲಿ. ಅಳಿಸಿ ಅಳಿಸಿ ಅಂದ ಮಾಡುವ ಬದಲು ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಲಿ. ಒಂದನೇ ಎರಡನೇ ತರಗತಿಯವರಿಗೆ ಸ್ಲೇಟು, ಬಳಪ ಸಾಕು.

ಬಣ್ಣಕ್ಕೆ ಇದ್ದಿಲು, ಕೆಮ್ಮಣ್ಣು, ಅರಿಸಿನ, ಎಲೆಯ ರಸ ಇವೆ. ಅಂಟಿಗೆ ಜಾಲಿಯ ಗೋಂದು. ಇಲ್ಲೂ ವಿಜ್ಞಾನವಿದೆ: ಅರಿಸಿನಕ್ಕೆ ಸುಣ್ಣದ ನೀರು ತಾಗಿದರೆ ಕೆಂಪಾಗುತ್ತದೆ, ಎಲೆಯ ರಸದ ಹಸಿರು ಕೆಲವೇ ದಿನಗಳಲ್ಲಿ ಮಾಸುತ್ತದೆ. ಏಕೆಂದು ಮಕ್ಕಳು ಕೇಳುತ್ತಾರೆ, ಆಗ ಪತ್ರಹರಿತ್ತಿನ ಪಾಠ ಮಾಡಿ. ಕಾಂಡಕ್ಕೆ ಕಂದು ಬಣ್ಣವೇ ಆಗಬೇಕೆಂಬ ನಿಯಮವಿಲ್ಲ ಎಂಬುದೂ ಆಗಲೇ ಗೊತ್ತಾಗುತ್ತದೆ. ನೀಲಗಿರಿಯ ಕಾಂಡ ಬಿಳಿಚು, ಬೇವಿನದು ಬೂದುಗಪ್ಪು.

ಅಂಕ ಕೊಡಬೇಡಿ, 'ತುಂಬಾ ಚೆನ್ನಾಗಿದೆ' ಎಂದೂ ಹೇಳಬೇಡಿ. 'ನಿನ್ನೆ ಕಾಣದ್ದು ಇವತ್ತು ಏನು ಕಂಡಿತು?' ಎಂದು ಕೇಳಿ. ಪ್ರತಿಭಾ ಕಾರಂಜಿಯಲ್ಲಿ ಒಂದಿಬ್ಬರು ಬಹುಮಾನ ತರುತ್ತಾರೆ, ಸಂತೋಷ. ಈ ಹತ್ತು ನಿಮಿಷ ಉಳಿದ ಮಕ್ಕಳದ್ದು.

ಎಚ್ಚರಿಕೆಯ ಮಾತೂ ಇರಲಿ. ಕಾಯಿ ಬೀಳುವ ತೆಂಗಿನ ಕೆಳಗೆ, ಜೇನು ಕಟ್ಟಿದ ಮರದ ಹತ್ತಿರ ಕೂರಿಸಬೇಡಿ. ಗುಡುಗು-ಮಿಂಚಿನ ದಿನ ಕಿಟಕಿಯಿಂದಲೇ ನೋಡಿ ಬರೆಯಲಿ. ಅಂಗಳದಲ್ಲಿ ಮರವೇ ಇಲ್ಲದ ಶಾಲೆಯಲ್ಲಿ ಕಾಂಪೌಂಡಿನಾಚೆಯ ಮರ ಆದೀತು. ಅದೂ ಇಲ್ಲದಿದ್ದರೆ ಈ ಮಳೆಗಾಲದಲ್ಲಿ ಒಂದು ಸಸಿ ನೆಟ್ಟು ಮೊದಲ ದಿನದಿಂದಲೇ ಅದರ ಚಿತ್ರ ಬರೆಯಲಿ. ಅಷ್ಟು ಆರಂಭದಿಂದ ಒಂದು ಮರದ ಬದುಕನ್ನು ದಾಖಲಿಸುವ ಅವಕಾಶ ದೊಡ್ಡ ಮರವಿರುವ ಶಾಲೆಗೂ ಇಲ್ಲ.

ಮಗು ಹೇಳಿದ್ದು ಸರಿಯಾಗಿದ್ದರೆ

ಈ ಅಭ್ಯಾಸ ನಡೆದ ಶಾಲೆಯಲ್ಲಿ ಒಂದು ದಿನ ಖಂಡಿತ ಬರುತ್ತದೆ. ಚಾರ್ಟಿನಲ್ಲಿ ಒಂದು ರೀತಿ ಇರುತ್ತದೆ, ಮಗುವಿನ ಪುಸ್ತಕದಲ್ಲಿ ಇನ್ನೊಂದು ರೀತಿ ಇರುತ್ತದೆ. 'ಸಾರ್, ನಮ್ಮ ಮರದಲ್ಲಿ ಹಾಗಿಲ್ಲ' ಎನ್ನುತ್ತದೆ ಮಗು. ಆಗ ನಾವು ಮಾಡಬೇಕಾದದ್ದು ಒಂದೇ: ಮಗುವಿನ ಜೊತೆ ಎದ್ದು ಮರದ ಹತ್ತಿರ ಹೋಗುವುದು. ಮಗು ಬರೆದದ್ದು ಸರಿಯಿದ್ದರೆ ತರಗತಿಯ ಮುಂದೆ ಒಪ್ಪಿಕೊಳ್ಳಬೇಕು. ಸರಿಯಿಲ್ಲದಿದ್ದರೆ ಮರವೇ ತಿದ್ದುತ್ತದೆ. ಪುಸ್ತಕ ದೊಡ್ಡದೋ, ಮೇಷ್ಟ್ರು ದೊಡ್ಡವರೋ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ತೀರ್ಪು ಕೊಡುವುದು ಮರ. ಪ್ರಯೋಗಾಲಯವಿಲ್ಲದ ಶಾಲೆಯಲ್ಲೂ ವಿಜ್ಞಾನದ ಈ ಮುಖ್ಯ ಪಾಠವನ್ನು ಕಲಿಸಬಹುದು.

ಶಾಲೆಯ ಮರಗಳಿಗೂ ಭದ್ರತೆಯೇನೂ ಇಲ್ಲ. ಹೊಸ ಕೊಠಡಿಗೆಂದು, ರಸ್ತೆ ಅಗಲವಾಗಲೆಂದು, ವಿದ್ಯುತ್ ತಂತಿಗೆ ತಾಗುತ್ತದೆಂದು ಮರ ಹೋಗುವುದುಂಟು. ಕೆಲವು ಸಲ ಅದು ಅನಿವಾರ್ಯವೂ ಆಗಿರಬಹುದು. ಆದರೆ ನೂರು ದಿನ ಆ ಮರವನ್ನು ಬರೆದ ಮಕ್ಕಳಿರುವ ಶಾಲೆಯಲ್ಲಿ 'ಬೇರೆ ದಾರಿ ಇಲ್ಲವೇ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎಸ್‌ಡಿಎಂಸಿ ಸಭೆಯ ಮೇಜಿನ ಮೇಲೆ, ಆ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟಿತು, ಅದರ ನೆರಳು ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲಿಯವರೆಗೆ ಬೀಳುತ್ತದೆ ಎಂದು ತೋರಿಸುವ, ದಿನಾಂಕ ಹಾಕಿದ ಚಿತ್ರಗಳಿರುತ್ತವೆ. ಹೆಸರೇ ಇಲ್ಲದ 'ಒಂದು ಮರ'ವನ್ನು ಕಡಿಯುವುದು ಸುಲಭ. ಐದನೇ ತರಗತಿಯ ಇಪ್ಪತ್ತು ಪುಸ್ತಕಗಳಲ್ಲಿರುವ ಮರವನ್ನು ಕಡಿಯುವ ಮುಂಚೆ ಯಾರೇ ಆದರೂ ಎರಡು ಸಲ ಯೋಚಿಸುತ್ತಾರೆ.

ಶಿಕ್ಷಕ ಮಿತ್ರರೇ, ಆದೇಶಕ್ಕಾಗಿ, ತರಬೇತಿಗಾಗಿ, ಅನುದಾನಕ್ಕಾಗಿ ಕಾಯುವ ಕೆಲಸ ಇದಲ್ಲ. ನಾಳೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ತರಗತಿಗೆ ಕಳುಹಿಸುವ ಮುನ್ನ ಹತ್ತು ನಿಮಿಷ ಮರದ ಎದುರು ಕೂರಿಸಿ. ಮೊದಲ ವಾರ ಹಸಿರು ಗುಡ್ಡೆಯೇ ಬರುತ್ತದೆ, ಬರಲಿ. ಎರಡನೇ ವಾರ ಯಾವುದಾದರೂ ಒಂದು ಹಾಳೆಯಲ್ಲಿ ಒಂದು ಒಣಗಿದ ಕೊಂಬೆ ಮೂಡುತ್ತದೆ. ಅದು ಯಾವ ಚಾರ್ಟಿನಲ್ಲೂ ಇಲ್ಲದ್ದು, ಮಗು ನೋಡಿ ಬರೆದದ್ದು. ಅಲ್ಲಿಂದ ಮುಂದಿನ ಪಾಠ ಸಲೀಸು.